ವೈದ್ಯವರೇಣ್ಯ ಹಕಾರು ಹಶಿಮೊಟೊ

ಪ್ರಾತಃಕಾಲದಲ್ಲೆದ್ದು ಬರಿಹೊಟ್ಟೆಯಲ್ಲಿ ಒಂದು ಸಣ್ಣ ಗುಳಿಗೆಯನ್ನು ನೀರಿನೊಡನೆ ನುಂಗಿ, ಅನಂತರವೇ ಮನೆಗೆಲಸಕ್ಕೆ ಕೈಹಚ್ಚುವ ತಾಯಂದಿರು ಇಂದು ನಮ್ಮ ನಾಡಿನ ಊರೂರಲ್ಲಿಯೂ ಇದ್ದಾರೆ. ಏನು ಬೇನೆಯೆಂದು ಕೇಳಿದರೆ ಥೈರಾಯ್ಡ್ ಇದೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಥೈರಾಯ್ಡ್ ಎಂಬುದು ರೋಗದ ಹೆಸರಲ್ಲ. ಅದು ಪ್ರತಿಯೊಬ್ಬರ ಕೊರಳಲ್ಲಿಯೂ ಇರುವ ಒಂದು ಗ್ರಂಥಿಯ ಹೆಸರು. ಅಯೋಡಿನ್ ಕೊರತೆಯಿಲ್ಲದ ನಾಡುಗಳಲ್ಲಿ ಈ ಗ್ರಂಥಿಯನ್ನು ಸೊರಗಿಸುವ ಬೇನೆಗಳ ಪೈಕಿ ಅತಿ ಸಾಮಾನ್ಯವಾದುದಕ್ಕೆ ವೈದ್ಯಲೋಕವು ಜಪಾನ್ ದೇಶದ ಒಬ್ಬ ವೈದ್ಯರ ಹೆಸರನ್ನಿಟ್ಟು ಗೌರವಿಸಿದೆ. ಆ ಮಹನೀಯರೇ ಹಕಾರು ಹಶಿಮೊಟೊ ಅವರು.

ಹಶಿಮೊಟೊ ಅವರ ಹೆಸರು ವೈದ್ಯರ ಚೀಟಿಗಳಲ್ಲಿ ನಿತ್ಯವೂ ಬರೆಯಲ್ಪಡುತ್ತಿದ್ದರೂ ಅವರ ಜೀವನವನ್ನು ಬಲ್ಲವರು ವಿರಳ. ಬದುಕಿದ್ದಾಗ ಅವರಿಗೆ ದೊಡ್ಡ ಪ್ರಶಸ್ತಿಯಾಗಲಿ, ವಿಶ್ವವಿದ್ಯಾಲಯದ ಪೀಠವಾಗಲಿ ದೊರೆಯಲಿಲ್ಲ. ಮೂವತ್ತರ ವಯಸ್ಸಿನಲ್ಲಿ ಒಂದು ಪ್ರಬಂಧವನ್ನು ಬರೆದು, ಮುಂದೆ ಸ್ವಗ್ರಾಮಕ್ಕೆ ಮರಳಿ, ಅಲ್ಲಿಯ ರೋಗಿಗಳ ಸೇವೆಯಲ್ಲಿಯೇ ಆಯುಷ್ಯವನ್ನು ಕಳೆದರು. ಆ ಪ್ರಬಂಧದಲ್ಲಿ ಅಡಗಿದ್ದ ಸತ್ಯವು ಅವರು ಗತಿಸಿದ ಇಪ್ಪತ್ತೆರಡು ವರ್ಷಗಳ ಮೇಲೆ ಪೂರ್ಣವಾಗಿ ಬೆಳಕಿಗೆ ಬಂದಿತು. ಅದರ ಫಲವನ್ನು ಇಂದು ಥೈರಾಯ್ಡ್ ಪೀಡಿತರು ಮಾತ್ರವಲ್ಲದೆ, ಕೀಲುಗಳ ಉರಿಯೂತದಿಂದ ಬಳಲುವವರೂ ಉಣ್ಣುತ್ತಿದ್ದಾರೆ. ಅವರ ಜೀವನವನ್ನೂ, ಅವರ ಶೋಧನೆಗೂ ಕೀಲುಬೇನೆಗೂ ಇರುವ ಸಂಬಂಧವನ್ನೂ ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಜಪಾನಿನ ಮುಖ್ಯ ದ್ವೀಪದ ನಡುಭಾಗದಲ್ಲಿ ಮಿಯೆ ಎಂಬ ಪ್ರಾಂತವಿದೆ. ಅದರ ಒಳನಾಡಿನಲ್ಲಿ, ಬೆಟ್ಟಗಳ ನಡುವೆ, ಇಗಾ ಎಂಬ ಸೀಮೆಯಿದೆ. ಜಪಾನೀ ಕವಿಶ್ರೇಷ್ಠ ಬಾಶೋ ಜನಿಸಿದ್ದು ಈ ಸೀಮೆಯಲ್ಲಿಯೇ. ೧೮೮೧ನೆಯ ಇಸವಿ ಮೇ ತಿಂಗಳ ೫ನೆಯ ದಿನಾಂಕದಂದು ಇದೇ ಸೀಮೆಯ ಹಳ್ಳಿಯೊಂದರಲ್ಲಿ ಹಕಾರು ಹಶಿಮೊಟೊ ಜನಿಸಿದರು. ಅವರದು ವಂಶಪಾರಂಪರ್ಯವಾಗಿ ವೈದ್ಯವೃತ್ತಿಯನ್ನು ಅವಲಂಬಿಸಿದ ಮನೆತನ. ರೋಗಿಗಳು ಬಂದು ಹೋಗುವ ಮನೆಯಲ್ಲಿ ಬೆಳೆದ ಬಾಲಕನಿಗೆ ವೈದ್ಯವಿದ್ಯೆಯಲ್ಲಿ ಒಲವು ಹುಟ್ಟಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಕಾಲವು ಜಪಾನಿನ ಇತಿಹಾಸದಲ್ಲಿ ಒಂದು ಸಂಧಿಕಾಲವಾಗಿದ್ದಿತು. ೧೮೬೮ರಲ್ಲಿ ಮೇಜಿ ಚಕ್ರವರ್ತಿಯ ಆಳ್ವಿಕೆ ನೆಲೆಗೊಂಡ ಮೇಲೆ ಆ ರಾಷ್ಟ್ರವು ಪಾಶ್ಚಾತ್ಯ ವಿದ್ಯೆಗೆ ಬಾಗಿಲು ತೆರೆದು, ವೈದ್ಯಶಾಸ್ತ್ರದಲ್ಲಿ ಜರ್ಮನಿಯನ್ನು ಗುರುವೆಂದು ಆರಿಸಿಕೊಂಡಿತು. ವೈದ್ಯ ವಿದ್ಯಾರ್ಥಿಗಳು ಜರ್ಮನ್ ಭಾಷೆಯನ್ನು ಕಲಿಯುತ್ತಿದ್ದರು. ಉನ್ನತ ವ್ಯಾಸಂಗಕ್ಕೆ ಜರ್ಮನಿಗೆ ತೆರಳುತ್ತಿದ್ದರು. ತಮ್ಮ ಸಂಶೋಧನೆಗಳನ್ನು ಆ ಭಾಷೆಯ ಪತ್ರಿಕೆಗಳಲ್ಲಿಯೇ ಪ್ರಕಟಿಸುತ್ತಿದ್ದರು. ಹಶಿಮೊಟೊ ಅವರು ಈ ಪರಂಪರೆಯಲ್ಲಿ ಬೆಳೆದವರು.

ಕ್ಯೋಟೋ ನಗರದಲ್ಲಿ ಪ್ರೌಢ ವ್ಯಾಸಂಗವನ್ನು ಮುಗಿಸಿ, ೧೯೦೩ರಲ್ಲಿ ದಕ್ಷಿಣದ ಕ್ಯುಶು ದ್ವೀಪದ ಫುಕುವೊಕಾ ನಗರದಲ್ಲಿ ಆಗತಾನೆ ಸ್ಥಾಪಿತವಾಗಿದ್ದ ವೈದ್ಯಕೀಯ ಮಹಾವಿದ್ಯಾಲಯವನ್ನು ಅವರು ಸೇರಿದರು. ಇದೇ ಮಹಾವಿದ್ಯಾಲಯವು ಮುಂದೆ ೧೯೧೧ರಲ್ಲಿ ಕ್ಯುಶು ಸಾಮ್ರಾಜ್ಯ ವಿಶ್ವವಿದ್ಯಾಲಯದ ಅಂಗವಾಯಿತು. ಹಶಿಮೊಟೊ ಅವರು ೧೯೦೭ರಲ್ಲಿ ಅಲ್ಲಿಂದ ಪದವೀಧರರಾಗಿ ಹೊರಬಂದ ಮೊತ್ತಮೊದಲ ತಂಡಕ್ಕೆ ಸೇರಿದವರು. ಹೊಸ ಸಂಸ್ಥೆಯೊಂದರ ಮೊದಲ ವಿದ್ಯಾರ್ಥಿಗಳಿಗೆ ಹಿರಿಯರು ಹಾಕಿಕೊಟ್ಟ ದಾರಿ ಇರುವುದಿಲ್ಲ. ತಮ್ಮ ದಾರಿಯನ್ನು ತಾವೇ ಸವೆಸಬೇಕಾಗುತ್ತದೆ.

ಪದವಿಯನ್ನು ಪಡೆದ ಮೇಲೆ ಅವರು ಅದೇ ಸಂಸ್ಥೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಪ್ರಾಧ್ಯಾಪಕ ಹಯಾರಿ ಮಿಯಾಕೆ ಅವರ ಶಿಷ್ಯರಾದರು. ಮಿಯಾಕೆ ಅವರು ಬ್ರೆಸ್ಲೌ ನಗರದಲ್ಲಿ ಮಿಕುಲಿಚ್ ಎಂಬ ಪ್ರಖ್ಯಾತ ಶಸ್ತ್ರವೈದ್ಯರ ಬಳಿ ವ್ಯಾಸಂಗ ಮಾಡಿ ಬಂದವರು. ಜಪಾನಿನಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಗೆ ಮೊದಲ ಅಡಿಗಲ್ಲನ್ನಿಟ್ಟವರು. ರೋಗಿಯ ದೇಹದಿಂದ ಕತ್ತರಿಸಿ ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗದ ಬೇರನ್ನು ಹುಡುಕುವ ಪರಿಪಾಟಿಯು ಆಗಿನ ಜರ್ಮನ್ ಸಂಪ್ರದಾಯದ ಮುಖ್ಯ ಲಕ್ಷಣವಾಗಿದ್ದಿತು. ಅದೇ ಪರಿಪಾಟಿಯಲ್ಲಿ ಹಶಿಮೊಟೊ ಅವರು ನುರಿತರು.

ನಾಲ್ಕು ಗ್ರಂಥಿಗಳ ಪರೀಕ್ಷೆ

ಅವರ ಶೋಧನೆಯನ್ನು ಅರಿಯುವುದಕ್ಕೆ ಮೊದಲು ಥೈರಾಯ್ಡ್ ಗ್ರಂಥಿಯ ಸ್ವರೂಪವನ್ನು ತುಸು ತಿಳಿಯುವುದು ಅವಶ್ಯ. ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ರೆಕ್ಕೆ ಬಿಚ್ಚಿದ ಪಾತರಗಿತ್ತಿಯಂತೆ ಈ ಗ್ರಂಥಿಯು ಕುಳಿತಿರುತ್ತದೆ. ಪ್ರಾಯದವರಲ್ಲಿ ಅದರ ತೂಕ ಸುಮಾರು ೨೦ ಗ್ರಾಂ. ಆಹಾರದ ಮೂಲಕ ಬಂದ ಅಯೋಡಿನ್ನನ್ನು ಹೀರಿ, ಅದರಿಂದ ಥೈರಾಕ್ಸಿನ್ ಮೊದಲಾದ ಸ್ರಾವಗಳನ್ನು ತಯಾರಿಸಿ ರಕ್ತಕ್ಕೆ ಸೇರಿಸುವುದು ಇದರ ಕೆಲಸ. ದೇಹದ ಒಲೆ ಎಷ್ಟು ಉರಿಯಬೇಕೆಂಬುದನ್ನು ನಿಯಂತ್ರಿಸುವುದು ಈ ಸ್ರಾವವೇ. ಅದು ಕಡಿಮೆಯಾದರೆ ಮೈ ಭಾರವಾಗುತ್ತದೆ, ಚಳಿ ತಡೆಯದು, ಮಲಬದ್ಧತೆ ತೋರುತ್ತದೆ, ಚರ್ಮ ಒಣಗುತ್ತದೆ, ಮನಸ್ಸು ಮಂಕಾಗುತ್ತದೆ. ಹೆಚ್ಚಾದರೆ ಎದೆಬಡಿತ, ಬೆವರು, ಕೈನಡುಕ, ಮೈ ಇಳಿಯುವಿಕೆ ಕಾಣುತ್ತವೆ. ಯಾವ ಕಾರಣದಿಂದಲೇ ಆಗಲಿ ಗ್ರಂಥಿಯು ಊದಿ ಕೊರಳು ದಪ್ಪವಾದರೆ ಅದನ್ನು ನಮ್ಮ ಪ್ರಾಚೀನ ಆಯುರ್ವೇದಜ್ಞರು ಗಲಗಂಡವೆಂದು ಕರೆದರು. ಕನ್ನಡದಲ್ಲಿ ಅದನ್ನೇ ಗಳಗಂಡವೆನ್ನುತ್ತೇವೆ.

ಮಿಯಾಕೆ ಅವರ ವಿಭಾಗದಲ್ಲಿ ಗಳಗಂಡಕ್ಕಾಗಿ ಶಸ್ತ್ರಚಿಕಿತ್ಸೆಗೊಳಗಾದ ರೋಗಿಗಳ ಪೈಕಿ ನಾಲ್ವರ ಗ್ರಂಥಿಗಳು ಹಶಿಮೊಟೊ ಅವರ ಗಮನವನ್ನು ಸೆಳೆದವು. ನಾಲ್ವರೂ ಸ್ತ್ರೀಯರು, ನಾಲ್ವರೂ ನಲವತ್ತು ದಾಟಿದವರು. ಆ ಗ್ರಂಥಿಗಳ ತೆಳುವಾದ ಹೋಳುಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡಿದಾಗ ಅಲ್ಲಿ ಕಂಡ ದೃಶ್ಯವು ಅದುವರೆಗಿನ ಗ್ರಂಥಗಳಲ್ಲಿ ವರ್ಣಿತವಾದ ಯಾವ ಗಳಗಂಡಕ್ಕೂ ಹೊಂದಲಿಲ್ಲ.

ಅವರು ಮುಖ್ಯವಾಗಿ ನಾಲ್ಕು ಲಕ್ಷಣಗಳನ್ನು ಗುರುತಿಸಿದರು. ಮೊದಲನೆಯದಾಗಿ, ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳು ಮತ್ತು ಅವುಗಳ ಬಳಗದ ಕಣಗಳು ಗ್ರಂಥಿಯ ತುಂಬೆಲ್ಲ ಹರಡಿಕೊಂಡಿದ್ದವು. ಎರಡನೆಯದಾಗಿ, ಆ ಕಣಗಳು ಅಲ್ಲಲ್ಲಿ ಗುಂಪುಗೂಡಿ, ಕಂಕುಳಲ್ಲೋ ಕತ್ತಿನ ಬದಿಯಲ್ಲೋ ಇರುವ ದುಗ್ಧಗ್ರಂಥಿಗಳ ರಚನೆಯನ್ನೇ ಹೋಲುವ ಉಂಡೆಗಳಾಗಿದ್ದವು. ಮೂರನೆಯದಾಗಿ, ಸ್ರಾವವನ್ನು ತಯಾರಿಸಬೇಕಾದ ಗ್ರಂಥಿಯ ಸ್ವಂತ ಜೀವಕೋಶಗಳು ತಮ್ಮ ರೂಪವನ್ನು ಕಳೆದುಕೊಂಡು ಕ್ಷೀಣಿಸಿದ್ದವು. ನಾಲ್ಕನೆಯದಾಗಿ, ಅಳಿದ ಭಾಗಗಳಲ್ಲಿ ನಾರಿನಂತಹ ಸಂಯೋಜಕ ಅಂಗಾಂಶವು ಹೊಸದಾಗಿ ಬೆಳೆದಿದ್ದಿತು. ಸೈನ್ಯವೊಂದು ಊರೊಳಗೆ ಬೀಡುಬಿಟ್ಟು ಊರವರನ್ನು ಒಕ್ಕಲೆಬ್ಬಿಸಿದಂತಿದ್ದಿತು ಆ ನೋಟ.

ಈ ಸೈನ್ಯವು ಯಾವ ಶತ್ರುವನ್ನರಸಿ ಅಲ್ಲಿಗೆ ಬಂದಿತು? ಕ್ಷಯದ ಗುರುತು ಅಲ್ಲಿರಲಿಲ್ಲ, ಅರ್ಬುದದ ಗುರುತೂ ಇರಲಿಲ್ಲ. ಕಾರಣವು ಹಶಿಮೊಟೊ ಅವರಿಗೂ ತಿಳಿಯಲಿಲ್ಲ. ತಿಳಿಯದುದನ್ನು ಕಲ್ಪನೆಯಿಂದ ತುಂಬುವ ಸಾಹಸಕ್ಕೆ ಅವರು ಕೈಹಾಕಲಿಲ್ಲ. ಕಂಡುದನ್ನು ಕಂಡಂತೆ ಬರೆದರು. ಇದು ಬೇರೆಯೇ ಒಂದು ರೋಗವೆಂದು ಸ್ಥಾಪಿಸಿದರು. ಅದಕ್ಕೆ ಸ್ಟ್ರೂಮಾ ಲಿಂಫೊಮಟೋಸಾ, ಎಂದರೆ ಲಿಂಫೋಸೈಟುಗಳಿಂದ ತುಂಬಿದ ಗಳಗಂಡ, ಎಂದು ನಾಮಕರಣ ಮಾಡಿದರು.

ಇಲ್ಲಿ ಒಂದು ತೊಡಕಿದ್ದಿತು. ಜರ್ಮನಿಯ ರೀಡೆಲ್ ಎಂಬ ಶಸ್ತ್ರವೈದ್ಯರು ೧೮೯೬ರಲ್ಲಿ ಮತ್ತೊಂದು ಬಗೆಯ ಗಳಗಂಡವನ್ನು ವರ್ಣಿಸಿದ್ದರು. ಅದರಲ್ಲಿ ಗ್ರಂಥಿಯು ಕಬ್ಬಿಣದಂತೆ ಗಡುಸಾಗಿ ಸುತ್ತಲಿನ ಮಾಂಸಖಂಡಗಳಿಗೆ ಹತ್ತಿಕೊಳ್ಳುತ್ತದೆ. ಅದರಲ್ಲಿಯೂ ನಾರಿನ ಬೆಳವಣಿಗೆಯಿದೆ, ಇದರಲ್ಲಿಯೂ ಇದೆ. ಮೇಲುನೋಟಕ್ಕೆ ಎರಡೂ ಒಂದೇ ರೋಗದ ಎರಡು ಹಂತಗಳೆಂದು ತೋರುವುದು ಸಹಜ. ಹಶಿಮೊಟೊ ಅವರು ಎರಡನ್ನೂ ಹೋಲಿಸಿ ನೋಡಿ, ಇವು ಬೇರೆಬೇರೆಯೆಂದು ನಿರ್ಣಯಿಸಿದರು.

ಈ ಎಲ್ಲ ವಿವರಗಳನ್ನೊಳಗೊಂಡ ಮೂವತ್ತು ಪುಟಗಳ ಪ್ರಬಂಧವು ೧೯೧೨ರಲ್ಲಿ ಜರ್ಮನಿಯ ಪ್ರಸಿದ್ಧ ಶಸ್ತ್ರವೈದ್ಯ ಪತ್ರಿಕೆಯೊಂದರಲ್ಲಿ, ಜರ್ಮನ್ ಭಾಷೆಯಲ್ಲಿ, ಚಿತ್ರಗಳ ಸಹಿತ ಪ್ರಕಟವಾಯಿತು. ಶಾಸ್ತ್ರಲೋಕದಲ್ಲಿ ಅವರ ಹೆಸರನ್ನು ಉಳಿಸಿದುದು ಇದೊಂದೇ ಪ್ರಬಂಧ.

ಪರದೇಶವಾಸ ಮತ್ತು ಸ್ವಗ್ರಾಮ

ಪ್ರಬಂಧವು ಅಚ್ಚಾದ ಮೇಲೆ ಹಶಿಮೊಟೊ ಅವರು ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿದರು. ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಕೌಫ್‌ಮನ್ ಎಂಬ ರೋಗಶಾಸ್ತ್ರಜ್ಞರ ಬಳಿ ಅಧ್ಯಯನ ನಡೆಸಿದರು. ಅಷ್ಟರಲ್ಲಿ ೧೯೧೪ರಲ್ಲಿ ಪ್ರಥಮ ಮಹಾಯುದ್ಧವು ಆರಂಭವಾಯಿತು. ಜಪಾನು ಜರ್ಮನಿಗೆ ಎದುರು ಪಕ್ಷವನ್ನು ಸೇರಿತು. ಗುರುವಿನ ನಾಡೆಂದು ಭಾವಿಸಿ ಹೋದ ದೇಶವು ಶತ್ರುದೇಶವಾಗಿ ಪರಿಣಮಿಸಿದ ಮೇಲೆ ಅಲ್ಲಿ ಉಳಿಯುವಂತಿರಲಿಲ್ಲ. ವ್ಯಾಸಂಗವನ್ನು ಅರ್ಧದಲ್ಲಿಯೇ ಬಿಟ್ಟು ಅವರು ತಾಯ್ನಾಡಿಗೆ ಹಿಂದಿರುಗಬೇಕಾಯಿತು.

ಮರಳಿ ಬಂದ ಮೇಲೆ ಅವರು ವಿಶ್ವವಿದ್ಯಾಲಯದಲ್ಲಿ ಬಹುಕಾಲ ನಿಲ್ಲಲಿಲ್ಲ. ೧೯೧೬ರಲ್ಲಿ ಇಗಾ ಸೀಮೆಯ ತಮ್ಮ ಊರಿಗೆ ಹೋಗಿ, ಮನೆತನದ ವೈದ್ಯವೃತ್ತಿಯನ್ನು ವಹಿಸಿಕೊಂಡರು. ಫುಕುವೊಕಾದಲ್ಲಿಯೂ ಗಟಿಂಗೆನ್ನಿನಲ್ಲಿಯೂ ಕಲಿತ ವಿದ್ಯೆಯು ಹಳ್ಳಿಯ ಗಾಯಾಳುಗಳಿಗೂ ಜ್ವರಪೀಡಿತರಿಗೂ ವಿನಿಯೋಗವಾಯಿತು. ಸಂಶೋಧನೆಗೆ ಬೇಕಾದ ಸಲಕರಣೆ, ಸಹೋದ್ಯೋಗಿಗಳು, ಗ್ರಂಥಭಂಡಾರ ಇವೆಲ್ಲ ಹಿಂದೆ ಉಳಿದವು. ಮುಂದಿನ ಹದಿನೇಳು ಹದಿನೆಂಟು ವರ್ಷಗಳ ಕಾಲ ಅವರು ಊರಿನ ವೈದ್ಯರಾಗಿ, ಜನರ ಪ್ರೀತಿಗೆ ಪಾತ್ರರಾಗಿ ಬಾಳಿದರು.

೧೯೩೪ನೆಯ ಇಸವಿ ಜನವರಿ ೯ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ವಿಷಮಶೀತಜ್ವರ, ಎಂದರೆ ಟೈಫಾಯ್ಡ್, ಅವರನ್ನು ಬಲಿ ತೆಗೆದುಕೊಂಡಿತು. ಆ ಜ್ವರಕ್ಕೆ ಪರಿಣಾಮಕಾರಿಯಾದ ಔಷಧವು ಬಳಕೆಗೆ ಬಂದುದು ೧೯೪೮ರ ಸುಮಾರಿಗೆ. ಹದಿನಾಲ್ಕು ವರ್ಷಗಳ ಅಂತರದಲ್ಲಿ ಒಬ್ಬ ಸಮರ್ಥ ವೈದ್ಯನು ಇಲ್ಲವಾದುದನ್ನು ವಿಧಿಯೆನ್ನದೆ ಬೇರೇನೆನ್ನಲಾದೀತು?

ಮರಣೋತ್ತರ ಕೀರ್ತಿ

ಹಶಿಮೊಟೊ ಅವರ ಪ್ರಬಂಧಕ್ಕೆ ಪ್ರಕಟವಾದ ಕಾಲದಲ್ಲಿ ತಕ್ಕ ಮನ್ನಣೆ ದೊರೆಯಲಿಲ್ಲ. ಯುದ್ಧವು ವಿದ್ವಾಂಸರ ಸಂಪರ್ಕವನ್ನು ಕಡಿದು ಹಾಕಿದ್ದಿತು. ಪಾಶ್ಚಾತ್ಯ ವೈದ್ಯರನೇಕರು ಅವರು ವರ್ಣಿಸಿದುದನ್ನು ಪ್ರತ್ಯೇಕ ರೋಗವೆಂದು ಒಪ್ಪದೆ, ರೀಡೆಲ್ ಅವರು ಹೇಳಿದ ಬೇನೆಯ ಆರಂಭದ ಹಂತವಿದು ಎಂದು ತಳ್ಳಿಹಾಕಿದರು. ೧೯೩೧ರಲ್ಲಿ ಅಮೇರಿಕದ ಕ್ಲೀವ್‌ಲೆಂಡ್ ನಗರದ ಗ್ರಹಾಂ ಮತ್ತು ಮೆಕಲ ಎಂಬ ವೈದ್ಯರು ತಮ್ಮ ರೋಗಿಗಳನ್ನು ಪರಿಶೀಲಿಸಿ, ಎರಡೂ ಬೇರೆಯೆಂಬ ಹಶಿಮೊಟೊ ಅವರ ನಿರ್ಣಯವೇ ಸರಿಯೆಂದು ತೋರಿಸಿಕೊಟ್ಟರು. ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ಹಶಿಮೊಟೊ ಅವರ ಹೆಸರನ್ನು ಸೇರಿಸಿದರು. ೧೯೩೯ರಲ್ಲಿ ಲಂಡನ್ನಿನ ಸೆಸಿಲ್ ಜಾಲ್ ಎಂಬ ಶಸ್ತ್ರವೈದ್ಯರು ಹಶಿಮೊಟೊ ರೋಗವೆಂಬ ಹೆಸರಿನಿಂದಲೇ ವಿಸ್ತಾರವಾದ ಲೇಖನವನ್ನು ಬರೆದರು. ಆ ವೇಳೆಗೆ ಹಶಿಮೊಟೊ ಅವರು ಗತಿಸಿ ಐದು ವರ್ಷಗಳಾಗಿದ್ದವು.

ರೋಗಕ್ಕೆ ಹೆಸರು ನಿಂತಿತಾದರೂ ಕಾರಣವಿನ್ನೂ ನಿಗೂಢವಾಗಿಯೇ ಇದ್ದಿತು. ಅದಕ್ಕೆ ಅಡ್ಡಿಯಾಗಿದ್ದುದು ಅಂದಿನ ಒಂದು ದೃಢವಾದ ನಂಬಿಕೆ. ಹೊರಗಿನಿಂದ ಬಂದ ಕ್ರಿಮಿಗಳನ್ನು ಎದುರಿಸಲು ದೇಹವು ಪ್ರತಿಕಾಯಗಳೆಂಬ ವಸ್ತುಗಳನ್ನು ಸೃಷ್ಟಿಸುತ್ತದೆ. ಆದರೆ ತನ್ನ ಅಂಗಗಳ ಮೇಲೆಯೇ ಅವುಗಳನ್ನು ಪ್ರಯೋಗಿಸುವುದಕ್ಕೆ ದೇಹವು ಹೇಸುತ್ತದೆ ಎಂದು ಜರ್ಮನಿಯ ಮಹಾವಿಜ್ಞಾನಿ ಪಾಲ್ ಎರ್ಲಿಕ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರತಿಪಾದಿಸಿದ್ದರು. ಅವರ ಹಿರಿಮೆಯ ಕಾರಣದಿಂದ ಆ ಮಾತು ವೈದ್ಯಲೋಕದಲ್ಲಿ ದಶಕಗಳ ಕಾಲ ಪ್ರಮಾಣವಾಗಿ ನಿಂತಿತು.

೧೯೫೬ನೆಯ ಇಸವಿಯಲ್ಲಿ ಈ ನಂಬಿಕೆಯು ಎರಡು ಕಡೆಯಿಂದ ಸಡಿಲಗೊಂಡಿತು. ಅಮೇರಿಕದ ಬಫಲೋ ನಗರದಲ್ಲಿ ನೋಯೆಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್‌ಸ್ಕಿ ಅವರು ಮೊಲಗಳ ಥೈರಾಯ್ಡ್ ಸಾರವನ್ನು ಮೊಲಗಳಿಗೇ ಚುಚ್ಚಿದಾಗ, ಅವುಗಳ ದೇಹದಲ್ಲಿ ತಮ್ಮದೇ ಗ್ರಂಥಿಯ ವಿರುದ್ಧ ಪ್ರತಿಕಾಯಗಳು ಹುಟ್ಟಿ, ಗ್ರಂಥಿಯಲ್ಲಿ ಲಿಂಫೋಸೈಟುಗಳು ತುಂಬಿಕೊಂಡುದನ್ನು ಕಂಡರು. ಅದೇ ವರ್ಷ ಲಂಡನ್ನಿನಲ್ಲಿ ಡೆಬೊರಾ ಡೊನಿಯಾಕ್, ಐವನ್ ರಾಯ್ಟ್ ಮತ್ತವರ ಸಂಗಡಿಗರು ಹಶಿಮೊಟೊ ರೋಗಿಗಳ ರಕ್ತದ್ರವವನ್ನು ಥೈರಾಯ್ಡ್ ಸಾರದೊಡನೆ ಸೇರಿಸಿದಾಗ ಅದು ಗರಣೆಗಟ್ಟಿತು. ರೋಗಿಗಳ ರಕ್ತದಲ್ಲಿ ಅವರದೇ ಗ್ರಂಥಿಯ ವಿರುದ್ಧ ಪ್ರತಿಕಾಯಗಳಿರುವುದು ಇದರಿಂದ ಸಿದ್ಧವಾಯಿತು. ಕಾಯಬೇಕಾದ ಸೈನ್ಯವೇ ಸ್ವಂತ ಊರನ್ನು ಶತ್ರುವಿನ ಊರೆಂದು ಬಗೆದು ಮುತ್ತಿದ್ದಿತು. ೧೯೧೨ರಲ್ಲಿ ಹಶಿಮೊಟೊ ಅವರು ಚಿತ್ರ ಸಹಿತವಾಗಿ ತೋರಿಸಿದ್ದುದು ಈ ಮುತ್ತಿಗೆಯನ್ನೇ ಎಂಬುದು ನಲವತ್ತನಾಲ್ಕು ವರ್ಷಗಳ ಮೇಲೆ ಜಗತ್ತಿಗೆ ಅರ್ಥವಾಯಿತು.

ಕೊರಳ ಗ್ರಂಥಿಗೂ ಕೀಲುಬೇನೆಗೂ ಇರುವ ನಂಟು

ದೇಹವು ತನ್ನನ್ನೇ ತಾನು ಹಗೆಯೆಂದು ಬಗೆಯುವ ಈ ಪರಿಯು ಥೈರಾಯ್ಡಿಗೆ ಮಾತ್ರ ಸೀಮಿತವಲ್ಲ. ಕೈಬೆರಳುಗಳ ಸಂದುಗಳು ಬೆಳಗಿನ ಹೊತ್ತು ಬಿಗಿದುಕೊಂಡು, ಊದಿ, ಕ್ರಮೇಣ ಸೊಟ್ಟಗಾಗುವ ರುಮಟಾಯ್ಡ್ ಸಂಧಿವಾತವು ಇದೇ ಬಗೆಯದು. ಚರ್ಮ, ಕೀಲು, ಮೂತ್ರಪಿಂಡಗಳನ್ನು ಒಟ್ಟಿಗೆ ಬಾಧಿಸುವ ಲೂಪಸ್ ರೋಗವೂ, ಚರ್ಮವನ್ನು ಬಿಗಿಸಿ ಗಡುಸುಗೊಳಿಸುವ ಸ್ಕ್ಲೀರೊಡರ್ಮಾ ರೋಗವೂ ಇದೇ ಕುಲದವು. ಹಶಿಮೊಟೊ ಅವರು ತೀರಿಕೊಳ್ಳುವ ಹಿಂದಿನ ವರ್ಷ, ೧೯೩೩ರಲ್ಲಿ, ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ ಅವರು ಕಣ್ಣೂ ಬಾಯಿಯೂ ಒಣಗಿದ ಹತ್ತೊಂಬತ್ತು ಮಂದಿ ಸ್ತ್ರೀಯರನ್ನು ಕುರಿತು ಪ್ರೌಢಪ್ರಬಂಧವನ್ನು ಬರೆದರು. ಅವರಲ್ಲಿ ಬಹುಮಂದಿಗೆ ಕೀಲುಬೇನೆಯೂ ಇದ್ದಿತು. ಆ ರೋಗದಲ್ಲಿ ಲಾಲಾಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೂ, ಸಂಧಿವಾತದಲ್ಲಿ ಕೀಲಿನ ಒಳಪೊರೆಯನ್ನು ನೋಡಿದರೂ, ಹಶಿಮೊಟೊ ಅವರು ಕೊರಳ ಗ್ರಂಥಿಯಲ್ಲಿ ಕಂಡ ಲಿಂಫೋಸೈಟುಗಳ ದಂಡೇ, ಎಷ್ಟೋ ವೇಳೆ ಅವೇ ಉಂಡೆಗಳೇ, ಕಣ್ಣಿಗೆ ಬೀಳುತ್ತವೆ.

ಒಂದೇ ಕುಲದ ಈ ರೋಗಗಳು ಒಬ್ಬರ ದೇಹದಲ್ಲಿಯೇ ಜೊತೆಗೂಡುವುದುಂಟು. ರುಮಟಾಯ್ಡ್ ಸಂಧಿವಾತ, ಲೂಪಸ್, ಶೋಗ್ರೆನ್ ಬೇನೆ, ಸ್ಕ್ಲೀರೊಡರ್ಮಾ ಇವುಗಳಿಂದ ಪೀಡಿತರಾದವರಲ್ಲಿ ಥೈರಾಯ್ಡಿನ ತೊಂದರೆಯು ಉಳಿದ ಜನರಲ್ಲಿರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆಂದು ಹಲವು ದೇಶಗಳ ವೈದ್ಯರು ಕಂಡುಕೊಂಡಿದ್ದಾರೆ. ಹೆಚ್ಚಿನವರಲ್ಲಿ ಅದು ಹಶಿಮೊಟೊ ಬೇನೆಯಿಂದುಂಟಾದ ಸ್ರಾವದ ಕೊರತೆ. ಕೆಲವರಲ್ಲಿ ಗ್ರೇವ್ಸ್ ರೋಗವೆಂಬ, ಸ್ರಾವವು ಮಿತಿಮೀರುವ, ವಿರುದ್ಧ ಬಗೆಯದು. ರೋಗನಿರೋಧಕ ವ್ಯವಸ್ಥೆಯನ್ನು ನಡೆಸುವ ಕೆಲವು ವಂಶವಾಹಿಗಳು ಈ ಎಲ್ಲ ರೋಗಗಳಿಗೂ ಸಮಾನವಾಗಿವೆ. ಇವು ಪುರುಷರಿಗಿಂತ ಸ್ತ್ರೀಯರಲ್ಲಿಯೇ ಹೆಚ್ಚು. ಒಂದೇ ಮನೆಯಲ್ಲಿ ತಾಯಿಗೆ ಥೈರಾಯ್ಡ್, ಮಗಳಿಗೆ ಸಂಧಿವಾತ ಎಂಬ ಉದಾಹರಣೆಗಳು ಅಪರೂಪವಲ್ಲ.

ಇಲ್ಲಿಯೇ ಒಂದು ಅಪಾಯವೂ ಇದೆ. ಬಹುಕಾಲದಿಂದ ಸಂಧಿವಾತದಿಂದ ನರಳುವ ಗೃಹಿಣಿಯೊಬ್ಬಳಿದ್ದಾಳೆಂದು ಭಾವಿಸೋಣ. ಆಕೆಗೆ ದಣಿವು ಹೆಚ್ಚುತ್ತದೆ, ಮೈ ತೂಕ ಏರುತ್ತದೆ, ಮಾಂಸಖಂಡಗಳು ನೋಯುತ್ತವೆ, ಬೆರಳುಗಳು ಜೋಮು ಹಿಡಿಯುತ್ತವೆ. ಮನೆಯವರು ಹಳೆಯ ವಾತವೇ ಉಲ್ಬಣಿಸಿತೆಂದು ತಿಳಿಯುತ್ತಾರೆ. ಆಕೆಯೂ ಹಾಗೆಯೇ ತಿಳಿದು ಸಹಿಸಿಕೊಳ್ಳುತ್ತಾಳೆ. ಆದರೆ ಥೈರಾಯ್ಡ್ ಸ್ರಾವದ ಕೊರತೆಯಿಂದಲೂ ಇವೇ ಲಕ್ಷಣಗಳು ತೋರುತ್ತವೆ. ಕೀಲುನೋವು ಕೂಡ ತೋರುತ್ತದೆ. ಕೀಲಿಗೆ ಕೊಡುವ ಔಷಧವನ್ನು ಎಷ್ಟು ಹೆಚ್ಚಿಸಿದರೂ ಈ ದಣಿವು ಹೋಗದು. ಹಳೆಯ ರೋಗದ ಮರೆಯಲ್ಲಿ ಹೊಸ ರೋಗವು ಅಡಗಿ ಕುಳಿತಿರುತ್ತದೆ. ಒಂದನ್ನೊಂದು ಹೋಲುವ ಎರಡು ಬೇನೆಗಳನ್ನು ಒಂದೇ ಎಂದು ಭಾವಿಸಬಾರದೆಂಬುದೇ ಹಶಿಮೊಟೊ ಅವರ ಪ್ರಬಂಧದ ಸಾರವಲ್ಲವೇ? ರೀಡೆಲ್ ಅವರ ರೋಗದ ವಿಷಯದಲ್ಲಿ ಅವರು ತೋರಿದ ವಿವೇಕವು ಇಂದಿಗೂ ರೋಗಿಯ ಹಾಸಿಗೆಯ ಬಳಿ ಬೇಕಾಗಿದೆ.

ಈ ಸಂಶಯವನ್ನು ಪರಿಹರಿಸುವ ಉಪಾಯವು ಸುಲಭವಾಗಿದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡನ್ನು ದುಡಿಸಲು ಟಿ.ಎಸ್.ಎಚ್. ಎಂಬ ಸ್ರಾವವನ್ನು ಕಳುಹಿಸುತ್ತದೆ. ಥೈರಾಯ್ಡ್ ಸೊರಗಿದಂತೆಲ್ಲ ಪಿಟ್ಯುಟರಿಯ ಒತ್ತಾಯವು ಹೆಚ್ಚಿ, ರಕ್ತದಲ್ಲಿ ಟಿ.ಎಸ್.ಎಚ್. ಏರುತ್ತದೆ. ಸಣ್ಣ ಊರುಗಳಲ್ಲಿಯೂ ದೊರೆಯುವ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಅಗತ್ಯವೆನಿಸಿದರೆ ಪ್ರತಿಕಾಯಗಳ ಪರೀಕ್ಷೆಯನ್ನೂ ವೈದ್ಯರು ಮಾಡಿಸುತ್ತಾರೆ. ಪ್ರತಿಕಾಯವಿದ್ದ ಮಾತ್ರಕ್ಕೆ ಎಲ್ಲರಿಗೂ ಔಷಧ ಬೇಕಾಗುವುದಿಲ್ಲ; ಗ್ರಂಥಿಯು ಸರಿಯಾಗಿ ದುಡಿಯುತ್ತಿದ್ದರೆ ಕಾಲಕಾಲಕ್ಕೆ ಪರೀಕ್ಷಿಸುತ್ತಿದ್ದರೆ ಸಾಕು. ಸಂಧಿವಾತಕ್ಕಾಗಿ ಸ್ಟೀರಾಯ್ಡ್ ಔಷಧವನ್ನು ಹೆಚ್ಚು ಪ್ರಮಾಣದಲ್ಲಿ ಸೇವಿಸುವವರಲ್ಲಿ ಟಿ.ಎಸ್.ಎಚ್. ತಗ್ಗಿ ತೋರುವುದುಂಟಾದ್ದರಿಂದ, ಸೇವಿಸುವ ಔಷಧಗಳೆಲ್ಲವನ್ನೂ ವೈದ್ಯರಿಗೆ ತಿಳಿಸುವುದು ಮುಖ್ಯ.

ಚಿಕಿತ್ಸೆಯ ಇತಿಹಾಸವೂ ಕುತೂಹಲಕರವಾಗಿದೆ. ೧೮೯೧ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಅವರು ಕುರಿಯ ಥೈರಾಯ್ಡಿನ ಸಾರವನ್ನು ಮಹಿಳೆಯೊಬ್ಬಳಿಗೆ ಚುಚ್ಚಿ ಗುಣಪಡಿಸಿದರು. ಆಕೆ ಮುಂದೆ ಇಪ್ಪತ್ತೆಂಟು ವರ್ಷಗಳ ಕಾಲ ಬದುಕಿದಳು. ೧೯೧೪ರಲ್ಲಿ ಅಮೇರಿಕದ ಎಡ್ವರ್ಡ್ ಕೆಂಡಾಲ್ ಅವರು ಗ್ರಂಥಿಯಿಂದ ಥೈರಾಕ್ಸಿನ್ನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಇದೇ ಕೆಂಡಾಲ್ ಅವರು ಮುಂದೆ ಕಾರ್ಟಿಸೋನ್ ಎಂಬ ವಸ್ತುವನ್ನೂ ಬೇರ್ಪಡಿಸಿದರು. ೧೯೪೮ರಲ್ಲಿ ಫಿಲಿಪ್ ಹೆಂಚ್ ಅವರು ಅದನ್ನು ಸಂಧಿವಾತದ ರೋಗಿಗೆ ಕೊಟ್ಟು ಅದ್ಭುತವಾದ ಪರಿಣಾಮವನ್ನು ಕಂಡರು. ೧೯೫೦ರ ನೊಬೆಲ್ ಬಹುಮಾನವು ಈ ಇಬ್ಬರಿಗೂ ರೈಕ್‌ಸ್ಟೈನ್ ಎಂಬ ಮತ್ತೊಬ್ಬರಿಗೂ ಸಂದಿತು. ಕೊರಳ ಗ್ರಂಥಿಯ ಔಷಧವೂ ಕೀಲುಬೇನೆಯ ಔಷಧವೂ ಒಂದೇ ಕೈಯಲ್ಲಿ ಬೆಳಕು ಕಂಡುದು ಆಕಸ್ಮಿಕವಾದರೂ ಸ್ಮರಣೀಯವಾದುದು.

ಇಂದು ಥೈರಾಕ್ಸಿನ್ ಗುಳಿಗೆಯು ಅಲ್ಪಬೆಲೆಗೆ ದೊರೆಯುತ್ತದೆ. ಅದನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ಸೇವಿಸಬೇಕು. ಕಬ್ಬಿಣ ಮತ್ತು ಸುಣ್ಣದ ಅಂಶವುಳ್ಳ ಗುಳಿಗೆಗಳು ಅದನ್ನು ರಕ್ತಕ್ಕೆ ಸೇರಗೊಡುವುದಿಲ್ಲವಾದ್ದರಿಂದ ಅವುಗಳ ಸೇವನೆಗೂ ಇದಕ್ಕೂ ನಾಲ್ಕು ಗಂಟೆಗಳ ಅಂತರವಿರಬೇಕು. ಕೀಲುಬೇನೆಯವರಿಗೆ ಮೂಳೆಯ ಬಲಕ್ಕೆಂದು ಸುಣ್ಣದ ಗುಳಿಗೆಯನ್ನು ಕೊಡುವುದು ವಾಡಿಕೆಯಾದುದರಿಂದ ಈ ಎಚ್ಚರವು ಅವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಗರ್ಭಿಣಿಯರಿಗೆ ಪ್ರಮಾಣವನ್ನು ಹೆಚ್ಚಿಸಬೇಕಾಗುವುದು ಸಾಮಾನ್ಯ. ಗರ್ಭ ನಿಂತಿತೆಂದು ತಿಳಿದ ಕೂಡಲೇ ವೈದ್ಯರನ್ನು ಕಾಣಬೇಕು. ಮೈ ಹಗುರವಾಯಿತೆಂದು ತಾವಾಗಿಯೇ ಗುಳಿಗೆಯನ್ನು ನಿಲ್ಲಿಸುವುದು ತರವಲ್ಲ.

ನಮ್ಮ ದೇಶದ ಗಳಗಂಡದ ಕಥೆಯು ಇದಕ್ಕಿಂತ ಭಿನ್ನವಾದುದು. ಹಿಮಾಲಯದ ತಪ್ಪಲಿನಲ್ಲಿ ಮಣ್ಣು ನೀರುಗಳಲ್ಲಿ ಅಯೋಡಿನ್ ಇಲ್ಲದುದರಿಂದ ಊರಿಗೆ ಊರೇ ಕೊರಳೂದಿ ನರಳುತ್ತಿದ್ದಿತು. ೧೯೫೬ರಲ್ಲಿ, ಹಶಿಮೊಟೊ ರೋಗದ ಮರ್ಮವು ತಿಳಿದ ವರ್ಷವೇ, ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರು ಮತ್ತವರ ಸಂಗಡಿಗರು ಕಾಂಗ್ಡಾ ಕಣಿವೆಯಲ್ಲಿ ಅಧ್ಯಯನವನ್ನು ಆರಂಭಿಸಿ, ಅಯೋಡಿನ್ ಬೆರೆಸಿದ ಉಪ್ಪಿನಿಂದ ಆ ಪಿಡುಗು ತಗ್ಗುವುದೆಂದು ಸಿದ್ಧಪಡಿಸಿದರು. ೧೯೬೨ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಜಾರಿಗೆ ಬಂದಿತು. ಆ ಗಳಗಂಡಕ್ಕೆ ಉಪ್ಪೇ ಮದ್ದು. ಹಶಿಮೊಟೊ ಅವರು ಕಂಡ ಗಳಗಂಡಕ್ಕೆ ಉಪ್ಪು ಮದ್ದಲ್ಲ. ಕೊರಳೂದಿದ ಎಲ್ಲರಿಗೂ ಒಂದೇ ಕಾರಣವನ್ನು ಹೇಳಲಾಗದೆಂಬುದಕ್ಕೆ ಇದು ನಿದರ್ಶನ.

ಉಪಸಂಹಾರ

ಫುಕುವೊಕಾದ ಕ್ಯುಶು ವಿಶ್ವವಿದ್ಯಾಲಯದ ವೈದ್ಯಕೀಯ ಆವರಣದಲ್ಲಿ ಒಂದು ಬೀದಿಗೆ ಹಶಿಮೊಟೊ ಅವರ ಹೆಸರನ್ನಿಡಲಾಗಿದೆ. ಅವರು ಪದವಿ ಪಡೆದ ಸಂಸ್ಥೆಯು ತನ್ನ ಮೊದಲ ತಂಡದ ವಿದ್ಯಾರ್ಥಿಯನ್ನು ಹೀಗೆ ಸ್ಮರಿಸಿಕೊಂಡಿದೆ. ಶಾಲೆಯು ತನ್ನ ಹಳೆಯ ವಿದ್ಯಾರ್ಥಿಯಿಂದ ಬೆಳಗುವುದು ಅವನು ಏರಿದ ಅಧಿಕಾರದಿಂದಲೇ ಆಗಬೇಕೆಂಬ ನಿಯಮವಿಲ್ಲ. ಹಳ್ಳಿಗೆ ಮರಳಿದ ವೈದ್ಯನೊಬ್ಬನಿಂದಲೂ ಅದು ಸಾಧ್ಯವೆಂಬುದಕ್ಕೆ ಆ ಬೀದಿಯೇ ಸಾಕ್ಷಿ.

ವಿಜ್ಞಾನವನ್ನು ಬೋಧಿಸುವ ಉಪಾಧ್ಯಾಯ ಬಂಧುಗಳು ಮಕ್ಕಳ ಕೈಗೆ ಸೂಕ್ಷ್ಮದರ್ಶಕವನ್ನು ಕೊಡುವಾಗ, ಪುಸ್ತಕದಲ್ಲಿರುವ ಚಿತ್ರವನ್ನಲ್ಲದೆ ಕಣ್ಣಿಗೆ ಕಂಡ ಚಿತ್ರವನ್ನು ಬರೆಯುವಂತೆ ಹೇಳಿದರೆ ಅದು ಈ ಮಹನೀಯರಿಗೆ ಸಲ್ಲಿಸುವ ಕಾಣಿಕೆಯಾದೀತು. ಉದಾರಚರಿತರಾದ ದಾನಿಗಳು ಊರುಗಳಲ್ಲಿ ಏರ್ಪಡಿಸುವ ಆರೋಗ್ಯ ಶಿಬಿರಗಳಲ್ಲಿ, ಬಹುದಿನದ ಕೀಲುಬೇನೆಯೊಡನೆ ಕಾರಣ ತಿಳಿಯದ ದಣಿವನ್ನು ಹೇಳಿಕೊಳ್ಳುವ ತಾಯಂದಿರಿಗೆ, ವೈದ್ಯರ ಸಲಹೆಯ ಮೇರೆಗೆ ಥೈರಾಯ್ಡ್ ಪರೀಕ್ಷೆಯ ಅನುಕೂಲವನ್ನೂ ಒದಗಿಸಿದರೆ, ಎಷ್ಟೋ ಮನೆಗಳಲ್ಲಿ ವರ್ಷಗಳಿಂದ ಮೌನವಾಗಿ ಸಹಿಸಿಕೊಂಡ ಬಳಲಿಕೆಗೆ ಕೆಲವೇ ತಿಂಗಳುಗಳಲ್ಲಿ ಪರಿಹಾರ ದೊರೆತೀತು. ಫುಕುವೊಕಾದ ಆಸ್ಪತ್ರೆಯಲ್ಲಿ ಕೊರಳೂದಿ ಬಂದ ನಾಲ್ವರು ಸಾಮಾನ್ಯ ಸ್ತ್ರೀಯರ ಬೇನೆಯನ್ನು ಉಪೇಕ್ಷಿಸದೆ ನೋಡಿದ ಆ ಯುವಕ ವೈದ್ಯರ ಶ್ರಮವು ಆಗ ನಮ್ಮ ಊರುಗಳಲ್ಲಿಯೂ ಸಾರ್ಥಕವಾಗುತ್ತದೆ.